ರಕೂನ್ ಸಿಟಿಯಲ್ಲಿ ಕಳೆದ ರಮ್ಜಾನ್ ರಾತ್ರಿಗಳು

ಹೆದರಿಕೊಳ್ಳಲೆಂದೇ ದುಡ್ಡು ಕೊಟ್ಟು ಆಡುವ ಆಟಗಳಿವೆ ಎಂದರೆ ನಮ್ಮ ಬಾಗೂರಿನ ಹಿರಿಯರು ನಗುತ್ತಾರೆ. ಅವರ ಪ್ರಕಾರ ಹೆದರಿಕೆಗೆ ಖರ್ಚು ಮಾಡಬೇಕಿಲ್ಲ. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು-ನವಿಲೆ ಸುರಂಗದ ಕತ್ತಲನ್ನು ಒಮ್ಮೆ ಇಣುಕಿ ನೋಡಿದ ಮಗು ಆ ರಾತ್ರಿ ಅಮ್ಮನ ಸೆರಗು ಬಿಡುವುದಿಲ್ಲ. ಆದರೂ ಅಣ್ಣ-ತಮ್ಮಂದಿರಾದ ನಾವಿಬ್ಬರು ಅಂಥದೊಂದು ಆಟದ ಕೊನೆ ನೋಡಲು ಸುಮಾರು ಹದಿನೆಂಟು ವರ್ಷ ಕಾದಿದ್ದೆವು.

ಜಪಾನಿನ ಕ್ಯಾಪ್‌ಕಾಮ್ ಕಂಪನಿ 1998ರಲ್ಲಿ ಹೊರತಂದ ‘ರೆಸಿಡೆಂಟ್ ಈವಿಲ್ 2’ ಆ ಆಟ. ಅಮೆರಿಕದ ರಕೂನ್ ಸಿಟಿ ಎಂಬ ಕಾಲ್ಪನಿಕ ಊರಿನಲ್ಲಿ ಒಂದು ವೈರಸ್ ಹರಡಿ ಜನರೆಲ್ಲ ನಡೆದಾಡುವ ಹೆಣಗಳಾಗಿದ್ದಾರೆ. ನೌಕರಿಯ ಮೊದಲ ದಿನವೇ ಅಲ್ಲಿಗೆ ಬಂದಿಳಿದ ಪೊಲೀಸ್ ಲಿಯಾನ್, ಅಣ್ಣನನ್ನು ಹುಡುಕಿಕೊಂಡು ಬಂದ ಕ್ಲೇರ್, ಇವರಿಬ್ಬರು ಜೀವ ಉಳಿಸಿಕೊಂಡು ಹೊರಬೀಳಬೇಕು. ಗುಂಡು ಕಡಿಮೆ, ಚೀಲದಲ್ಲಿ ಜಾಗ ಕಡಿಮೆ. ಆಟವನ್ನು ಉಳಿಸಿಡಲು ಬೆರಳಚ್ಚು ಯಂತ್ರ ಬೇಕು, ಅದಕ್ಕೆ ಶಾಯಿಯ ರಿಬ್ಬನ್ ಬೇಕು, ಅದೂ ಎಣಿಕೆಯಷ್ಟೇ.

ನಾವು ಅದನ್ನು ಮೊದಲು ಆಡಿದ್ದು 2002ರ ಸುಮಾರಿಗೆ, ಚನ್ನರಾಯಪಟ್ಟಣದ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ. ಗಂಟೆಗೆ 10 ರೂಪಾಯಿ. ಅಂಗಡಿಯವನ ಬಳಿ ಮೆಮೊರಿ ಕಾರ್ಡ್ ಇರಲಿಲ್ಲ. ಹಾಗಾಗಿ ರಿಬ್ಬನ್ ಸಿಕ್ಕಿದರೂ ಪ್ರಯೋಜನವಿಲ್ಲ. ಪ್ರತಿ ಸಲವೂ ಹೊತ್ತಿ ಉರಿಯುವ ಅದೇ ಬೀದಿಯಿಂದ ಶುರು. ಹೇಗೋ ಪೊಲೀಸ್ ಠಾಣೆ ಹೊಕ್ಕು, ಚರ್ಮ ಸುಲಿದಂತಿರುವ ಉದ್ದ ನಾಲಿಗೆಯ ಲಿಕ್ಕರ್ ಎದುರಾಗುವ ಹೊತ್ತಿಗೆ ಗಂಟೆ ಮುಗಿದಿರುತ್ತಿತ್ತು. ಹಳೆಯದರಲ್ಲಿ ಕ್ಯಾಮೆರಾ ಕೋಣೆಯ ಒಂದು ಮೂಲೆಯಲ್ಲಿ ನಿಂತುಬಿಡುತ್ತಿತ್ತು. ತಿರುವಿನಾಚೆ ಏನಿದೆಯೋ ಕಾಣದು, ಕಾಲೆಳೆಯುವ ಸದ್ದು ಮಾತ್ರ ಕೇಳುತ್ತದೆ. ಆ ಸದ್ದು ಕೇಳಿಕೊಂಡೇ ನಾವು ಕೊನೆಯ ಬಸ್ಸು ಹತ್ತುತ್ತಿದ್ದೆವು.

ಅದೇ ಆಟವನ್ನು ಕಂಪನಿ 2019ರ ಜನವರಿಯಲ್ಲಿ ಪೂರ್ತಿ ಹೊಸದಾಗಿ ಕಟ್ಟಿ ಬಿಡುಗಡೆ ಮಾಡಿತು. ನಮ್ಮಲ್ಲಿ ದೊಡ್ಡವನು 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆಲಸ ನಿಂತುಹೋಗಿ ಊರಿಗೆ ಮರಳಿದಾಗ, ಎರಡು ಚೀಲ ಬಟ್ಟೆಯ ಜೊತೆ ಒಂದು ಸೆಕೆಂಡ್‌ಹ್ಯಾಂಡ್ ಪ್ಲೇಸ್ಟೇಷನ್ ತಂದಿದ್ದ. ಏಪ್ರಿಲ್ ಕೊನೆಗೆ ರಮ್ಜಾನ್ ಬಂತು. ಮಸೀದಿಗೆ ಬೀಗ. ಮನೆಯಲ್ಲೇ ತರಾವೀಹ್ ಮುಗಿಸಿ, ಮಕ್ಕಳು ಮಲಗಿದ ಮೇಲೆ ಸಹರಿಯವರೆಗೆ ಆಟ. (ಇದು ಮಕ್ಕಳ ಆಟವಲ್ಲ. 18 ತುಂಬದವರ ಕೈಗೆ ಕೊಡಬಾರದು.) ಅಮ್ಮಿ ಬಾಗಿಲಲ್ಲಿ ನಿಂತು, “ರಮ್ಜಾನಿನಲ್ಲಿ ಅಲ್ಲಾಹು ಶೈತಾನರನ್ನು ಕಟ್ಟಿಹಾಕಿರ್ತಾನೆ, ನೀವಿಬ್ರು ಕೂತು ಟೀವಿಯೊಳಗೆ ಬಿಚ್ಚಿಬಿಡ್ತಿದ್ದೀರಲ್ಲೋ” ಅಂದರು.

ಹೊಸ ಆಟದಲ್ಲಿ ಕ್ಯಾಮೆರಾ ಲಿಯಾನ್‌ನ ಹೆಗಲ ಹಿಂದೆಯೇ ಬರುತ್ತದೆ. ಸಾಧಾರಣ ಮಟ್ಟದಲ್ಲಿ ಆಡಿದರೆ ರಿಬ್ಬನ್ ಬೇಡ, ಎಷ್ಟು ಸಲವಾದರೂ ಉಳಿಸಿಡಬಹುದು. ಇದರಿಂದ ಭಯ ಕಡಿಮೆಯಾದೀತು ಅಂದುಕೊಂಡಿದ್ದೆವು. ಆಗಲಿಲ್ಲ. ಹಳೆಯದರಲ್ಲಿ ಕಾಣದ್ದಕ್ಕೆ ಹೆದರುತ್ತಿದ್ದೆವು. ಇಲ್ಲಿ ಟಾರ್ಚ್ ಬೆಳಕಿನಲ್ಲಿ ಎಲ್ಲವೂ ತೀರಾ ಹತ್ತಿರದಿಂದ ಕಾಣುತ್ತದೆ. ಎದುರಿಗೆ ಬರುವವನ ಮೈಮೇಲೆ ಪೊಲೀಸ್ ಅಂಗಿ ಇದೆ. ಯಾರದೋ ಮನೆಯವನು ಅನ್ನಿಸುತ್ತದೆ.

ಅದೇ ಏಪ್ರಿಲ್‌ನಲ್ಲಿ ನಮ್ಮ ಚಾಚಾನ ಮಗ ಗೂಡ್ಸ್ ಆಟೋದಲ್ಲಿ ತರಕಾರಿ ಮಾರಲು ಹೋಗಿದ್ದ. ಒಂದು ಹಳ್ಳಿಯ ಬಾಯಲ್ಲಿ ಮುಳ್ಳು ಅಡ್ಡ ಹಾಕಿದ್ದರು. ಎಲ್ಲ ಕಡೆ ಹಾಕಿದ್ದರು, ಅದರಲ್ಲೇನೂ ವಿಶೇಷವಿಲ್ಲ. ಆದರೆ ಅವನ ಹಿಂದೆ ಬಂದ ಹಾಲಿನ ಗಾಡಿಯನ್ನು ಒಳಗೆ ಬಿಟ್ಟರು. ಇವನ ಹೆಸರು ಕೇಳಿ, ರೋಗ ತಂದಿದ್ದೀಯ ಎಂದು ತಿರುಗಿಸಿ ಕಳಿಸಿದರು. ದೆಹಲಿಯ ಸುದ್ದಿ ಟೀವಿಯಲ್ಲಿ ಹಗಲಿರುಳು ಓಡುತ್ತಿದ್ದ ದಿನಗಳವು. ಅವನು ದೆಹಲಿ ಇರಲಿ, ಬೆಂಗಳೂರಿಗೂ ಹೋಗಿ ವರ್ಷವಾಗಿತ್ತು. ಮರುವಾರ ಅದೇ ಹಳ್ಳಿಯ ಅಜ್ಜಿಯೊಬ್ಬರು ಮೊಮ್ಮಗನ ಕೈಲಿ ಫೋನ್ ಮಾಡಿಸಿ, ಮುಳ್ಳಿನಾಚೆ ನಿಂತು ಟೊಮ್ಯಾಟೊ ಕೊಂಡರಂತೆ. ಟೊಮ್ಯಾಟೊ ಆಗಲೇ ಅರ್ಧ ಕೊಳೆತಿತ್ತು.

ಅವನೂ ರಾತ್ರಿ ನಮ್ಮ ಜೊತೆ ಬಂದು ಕೂರುತ್ತಿದ್ದ. ಠಾಣೆಯಲ್ಲಿ ಮಾರ್ವಿನ್ ಎಂಬ ಅಧಿಕಾರಿ ಇದ್ದಾನೆ. ಶಟರ್ ಕೆಳಗೆ ಸಿಕ್ಕಿಕೊಂಡ ಲಿಯಾನ್‌ನನ್ನು ಎಳೆದು ಉಳಿಸಿದವನು, ತನ್ನ ಚಾಕುವನ್ನೂ ಕೊಟ್ಟವನು. ಸೋಂಕು ತಗುಲಿದವರು ಕಂಡರೆ, ಮೈಮೇಲೆ ಸಮವಸ್ತ್ರವಿದ್ದರೂ ಹಿಂದೆಮುಂದೆ ನೋಡಬೇಡ ಎಂದು ಬುದ್ಧಿ ಹೇಳುತ್ತಾನೆ. ಅವನಿಗೇ ಕಡಿತವಾಗಿದೆ. ನೆಲಮಾಳಿಗೆ ಸುತ್ತಿ ಹಜಾರಕ್ಕೆ ಮರಳಿದರೆ ಅದೇ ಮಾರ್ವಿನ್ ನಮ್ಮ ಕಡೆಗೆ ತೂರಾಡಿಕೊಂಡು ಬರುತ್ತಾನೆ. ನಮ್ಮ ಬಳಿ ಗುಂಡಿತ್ತು. ಚಾಚಾನ ಮಗ, “ಬೇಡ ಭಾಯ್, ಸುತ್ತು ಹಾಕಿ ಹೋಗು” ಅಂದ. ಸುತ್ತು ಹಾಕಿ ಹೋದೆವು. ಆಮೇಲೆ ಆ ಹಜಾರ ದಾಟುವಾಗಲೆಲ್ಲ ಇದೊಂದು ಕೆಲಸವಾಯಿತು. ಹಿಂದೆ ಮಿಸ್ಟರ್ ಎಕ್ಸ್ ಎಂಬ ಟೋಪಿಯ ದೈತ್ಯನ ಬೂಟಿನ ಸದ್ದು, ಮುಂದೆ ಮಾರ್ವಿನ್, ಕೈ ಬೆವರುತ್ತಿತ್ತು. ಎರಡು ಸಲ ಸತ್ತೆವು. ಆದರೂ ಹೊಡೆಯಲಿಲ್ಲ.

ಠಾಣೆಯ ಹೊರಗೆ ಬಂದೂಕಿನ ಅಂಗಡಿಯ ಕೆಂಡೋ ಸಿಗುತ್ತಾನೆ. 1998ರ ಆಟದಲ್ಲಿ ಅವನು ಹೆಣಗಳ ಬಾಯಿಗೆ ಸಿಕ್ಕಿ ಸಾಯುವ ಅಂಗಡಿಯವ, ಅಷ್ಟೇ. ಹೊಸದರಲ್ಲಿ ಅವನಿಗೊಬ್ಬ ಪುಟ್ಟ ಮಗಳನ್ನು ಕೊಟ್ಟಿದ್ದಾರೆ, ಎಮ್ಮಾ. ಸೋಂಕು ತಗುಲಿದ ಮಗು ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ತಂದೆ ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುತ್ತಾನೆ. ಒಳಗಿನಿಂದ ಗುಂಡಿನ ಶಬ್ದ ಕೇಳುತ್ತದೆ. ಇಡೀ ಮರುರೂಪದಲ್ಲಿ ನಮಗೆ ಅತ್ಯುತ್ತಮ ಎನಿಸಿದ ಭಾಗವಿದು. ಆಡುವವನು ಇಲ್ಲಿ ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನೆ ನಿಂತಿರಬೇಕು. ನಮ್ಮಲ್ಲಿ ಚಿಕ್ಕವನಿಗೆ ಅದೇ ವಯಸ್ಸಿನ ಮಗಳಿದ್ದಾಳೆ. ಅವನು ಎದ್ದು ಮಲಗುವ ಕೋಣೆಗೆ ಹೋಗಿ ಬಂದ.

ಈದ್‌ಗೆ ಮೂರು ದಿನವಿರುವಾಗ ಆಟ ಮುಗಿಯಿತು. ರೈಲು ಸುರಂಗದಿಂದ ಪಾರಾಗುತ್ತದೆ, ಆದರೆ ಲಿಯಾನ್‌ನ ಪಾಲಿನ ಕತೆ ಅಷ್ಟಕ್ಕೆ ಪೂರ್ತಿಯಾಗುವುದಿಲ್ಲ. ಉಳಿದದ್ದನ್ನು ತಿಳಿಯಲು ಕ್ಲೇರ್ ಆಗಿ ಮತ್ತೆ ಮೊದಲಿನಿಂದ ಆಡಬೇಕು. “ಚನ್ನರಾಯಪಟ್ಟಣದ ಅಂಗಡಿಯದ್ದೇ ಕತೆ” ಎಂದು ದೊಡ್ಡವನು ನಕ್ಕ. ಅಷ್ಟರಲ್ಲಿ ಅಮ್ಮಿ ಸಹರಿಗೆ ಕರೆದರು. ಚಾಚಾನ ಮಗ ಎರಡು ತುತ್ತು ತಿಂದು, ಮಾರುಕಟ್ಟೆಗೆ ಹೊತ್ತಾಯಿತೆಂದು ಗೂಡ್ಸ್ ಆಟೋ ಹತ್ತಿದ.