ಆಯುಷ್ಯ ಯಾರ ಪಾಲು?

ಶನಿವಾರ ನಮ್ಮ ಮಧುರೆ ಸೀಮೆಯ ಶನಿಮಹಾತ್ಮನ ಗುಡಿಯಲ್ಲಿ ಜನ ಎಳ್ಳುಬತ್ತಿ ಹಚ್ಚಿ ಆಯುಷ್ಯ ಬೇಡ್ತಾರೆ. ಅಮೆರಿಕದ ಉಳ್ಳವರು ಬೇರೆ ಗುಡಿ ಕಟ್ಟಿಕೊಂಡಿದ್ದಾರೆ. 1967ರಲ್ಲಿ ಸತ್ತ ಜೇಮ್ಸ್ ಬೆಡ್‌ಫೋರ್ಡ್ ಎಂಬ ಮನಃಶಾಸ್ತ್ರದ ಮೇಷ್ಟರ ದೇಹ ಅರಿಜೋನಾದ ಆಲ್ಕಾರ್ ಸಂಸ್ಥೆಯಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದ್ರವ ಸಾರಜನಕದೊಳಗೆ, ಮುಂದೊಂದು ದಿನ ಯಾರಾದರೂ ಎಬ್ಬಿಸಿಯಾರೆಂದು ಕಾದಿದೆ. ಇಡೀ ದೇಹ ಇಡಿಸಲು 2 ಲಕ್ಷ ಡಾಲರಿಗೂ ಮೇಲೆ ಬೇಕು. ಎದ್ದು ಬಂದವರು ಒಬ್ಬರೂ ಇಲ್ಲ.

ಈ ಸುದ್ದಿಗೆ ತಲೆದೂಗೋದಾಗಲಿ, ಮೂಗು ಮುರಿಯೋದಾಗಲಿ ಎಲ್ಲರೂ ತಂತಮ್ಮ ರಾಜಕೀಯದಿಂದಲೇ. ಮಾರುಕಟ್ಟೆ ನಂಬಿದವನು 'ನನ್ನ ದೇಹ, ನನ್ನ ಕಾಸು' ಅಂತಾನೆ. ಕರ್ಮ ನಂಬಿದವನಿಗೆ ಮರುಜನ್ಮ ಇದ್ದೇ ಇದೆ. ನಮ್ಮ ಸಂಗಾತಿಗಳು 'ಸಾಹುಕಾರರ ಹುಚ್ಚು' ಅಂತ ನಗ್ತಾರೆ. ಹೆಣ ಕಾಪಿಡುವ ಮಟ್ಟಿಗೆ ಆ ನಗು ಸರಿ. ಆದರೆ ಬದುಕಿರುವವರ ಮುಪ್ಪು ಮುಂದೂಡುವ ಸಂಶೋಧನೆಗೆಂದೇ 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯೋಜನೆಯೊಂದು ಶುರುವಾಯ್ತು. ಅದನ್ನೂ ನಕ್ಕು ಬಿಟ್ಟುಕೊಡೋಣವೆ?

ದೇಶದ ಒಂಬತ್ತು ರಾಜ್ಯಗಳ ಬಗ್ಗೆ 2022ರಲ್ಲಿ ಬಂದ ಅಧ್ಯಯನದಲ್ಲಿ ಮೇಲ್ಜಾತಿ ಹಿಂದೂಗಳಿಗಿಂತ ದಲಿತರ ಆಯುಷ್ಯ 3 ವರ್ಷಕ್ಕೂ ಮೀರಿ ಮೊಟಕು. ಆಸ್ತಿಪಾಸ್ತಿಯ ಲೆಕ್ಕ ಆ ಅಂತರದ ಅರ್ಧಕ್ಕೂ ಉತ್ತರವಾಗಲಿಲ್ಲ. ಆ ವರ್ಷಗಳನ್ನು ತಿಂದದ್ದು ಶನಿಯಲ್ಲ. ವಿಜ್ಞಾನಿಗಳೇ, ನೀವು ರಕ್ತಪರೀಕ್ಷೆಗೆ ಆರಿಸುವ ಜನರ ಪಟ್ಟಿಯಲ್ಲಿ ನಮ್ಮ ಕೇರಿ ಇದೆಯಾ?