ಹಜಾರದ ಶೃಂಗಾರ: ಯಶವಂತಪುರದಿಂದ ಯಲಹಂಕಕ್ಕೆ

ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆಯ ಮುಂದಿನ ಕೋಣೆಗೆ ಎಷ್ಟು ಹೆಸರುಗಳುಂಟೆಂದು ಲೆಕ್ಕ ಹಾಕುತ್ತ ಹೋದರೆ ಈ ಸೀಮೆಯ ಚರಿತ್ರೆಯೇ ಅರ್ಧ ತಿಳಿದುಬರುತ್ತದೆ. ಯಲಹಂಕದ ಹಳೆಯ ಮನೆಗಳಲ್ಲಿ ಅದು ಪಡಸಾಲೆ. ಅದರ ಮುಂದೆ ಜಗಲಿ, ಹಿಂದೆ ನಡುಮನೆ. ಅನುಕೂಲಸ್ಥರ ಬಾಯಲ್ಲಿ ಅದೇ ಹಜಾರ. ಕಾರ್ಖಾನೆಗಳು ಬಂದ ಮೇಲೆ ಎದ್ದ ಕ್ವಾರ್ಟರ್ಸುಗಳಲ್ಲಿ ಅದು ಬರಿಯ ‘ಮುಂದಿನ ರೂಮು’. ಈಗ ಹೆಬ್ಬಾಳದ ಗಗನಚುಂಬಿ ಕಟ್ಟಡಗಳಲ್ಲಿ ಎಲ್ಲರಿಗೂ ಒಂದೇ ಹೆಸರು: ಹಾಲ್.

ಹೆಸರು ಬದಲಾದರೆ ಬಾಧಕವಿಲ್ಲ. ಆದರೆ ಆ ಕೋಣೆಯನ್ನು ಎಂದಿಗೂ ಹಳತೆನಿಸದ ಹಾಗೆ ಸಜ್ಜುಗೊಳಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಪ್ರತಿ ತಲೆಮಾರಿನ ಗೃಹಿಣಿಗೂ ಎದುರಾಗುತ್ತದೆ. ನಮ್ಮ ಸ್ನೇಹಿತ ದಂಪತಿಗಳು ಹೆಬ್ಬಾಳದಲ್ಲಿ ಒಂಬತ್ತನೆಯ ಅಂತಸ್ತಿನ ಮನೆಯೊಂದನ್ನು ಕೊಂಡಿದ್ದಾರೆ. ಯಲಹಂಕದ ಹಳೆಯ ಊರಿನಲ್ಲಿರುವ ಅವರ ಪಿತ್ರಾರ್ಜಿತ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಮಾರಾಟವಾಗಿ, ಸಂಕ್ರಾಂತಿ ಕಳೆದೊಡನೆ ನೆಲಸಮವಾಗಲಿದೆ. ಅಲ್ಲಿ 52 ವರ್ಷ ಸಂಸಾರ ನಡೆಸಿದ ತಾಯಿ ಇನ್ನು ಹೆಬ್ಬಾಳಕ್ಕೆ ಬರಬೇಕು. “ಹಾಲ್ ಇನ್ನು ಮೂವತ್ತು ವರ್ಷ ಹಳೆಯದೆನಿಸಬಾರದು” ಎಂಬುದು ಹೆಂಡತಿಯ ಆಸೆ. “ಅಮ್ಮನಿಗೆ ಅದು ಹೋಟೆಲಿನ ಕೋಣೆಯಂತೆ ಕಾಣಬಾರದು” ಎಂಬುದು ಗಂಡನ ಚಿಂತೆ. ಎರಡೂ ಒಂದೇ ಮಾತೇನೋ ಎಂದು ನನಗೆ ತೋರಿತು. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಆ ದಂಪತಿಗಳೊಡನೆ ಯಶವಂತಪುರದಿಂದ ಯಲಹಂಕದವರೆಗೆ ಅಲೆದು ಬಂದೆ.

ಯಶವಂತಪುರವೆಂದರೆ ಅನೇಕರಿಗೆ ರೈಲು ನಿಲ್ದಾಣ, ಮಂಡಿ, ಲಾರಿಗಳ ಸಾಲು. 1957ರಲ್ಲಿ ಅಲ್ಲಿಗೆ ಬಂದ ಸರ್ಕಾರಿ ಸಾಬೂನು ಕಾರ್ಖಾನೆಯ ಗಂಧದ ಪರಿಮಳ. ಆದರೆ ಮರದ ವಿದ್ಯೆಗೂ ಈ ಕಡೆಗೂ ಇರುವ ನಂಟನ್ನು ಬಲ್ಲವರು ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಅನತಿ ದೂರದಲ್ಲಿ, ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯಲ್ಲಿ, 1938ರಲ್ಲಿ ಅರಣ್ಯ ಸಂಶೋಧನೆಯ ಪ್ರಯೋಗಾಲಯವೊಂದು ಹುಟ್ಟಿತು. ಇಂದು ಅದು ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ತುಮಕೂರು ರಸ್ತೆಯಲ್ಲಿ ಪ್ಲೈವುಡ್ಡಿನ ಸಂಶೋಧನೆಗೆಂದೇ 1962ರಲ್ಲಿ ಇನ್ನೊಂದು ಸಂಸ್ಥೆ ತಲೆಯೆತ್ತಿತು. ಇಡೀ ಮರ, ಪದರದ ಮರ ಎರಡರ ಪಂಡಿತರೂ ಕೆಲವೇ ಮೈಲಿಗಳ ಅಂತರದಲ್ಲಿ ನೆಲೆಸಿದ್ದರೆಂದಾಯಿತು.

ನಾವು ಹೋದದ್ದು ಪಂಡಿತರ ಬಳಿಗಲ್ಲ, ಹಳೆಯ ಮರ ಮಾರುವ ಒಂದು ಅಂಗಳಕ್ಕೆ. ಒಡೆದ ಮನೆಗಳ ಬಾಗಿಲು, ಕಿಟಕಿ, ತೊಲೆ, ಕಂಬಗಳೆಲ್ಲ ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದುವು. ಹೊಸ್ತಿಲಿಗೆ ಬಳಿದ ಅರಿಸಿನ ಕೆಲವು ಬಾಗಿಲುವಾಡಗಳಲ್ಲಿ ಇನ್ನೂ ಅಂಟಿಕೊಂಡಿತ್ತು. ಅಂಗಳದ ಯಜಮಾನ ವಯಸ್ಸಾದ ಮನುಷ್ಯ, ಮಾತು ಮಿತ. ತೊಲೆಯೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ, “ಇದು ಕುಣಿಯೋದೆಲ್ಲ ಕುಣಿದು ಮುಗಿಸಿದೆ ಸ್ವಾಮಿ” ಎಂದ. ಅವನ ಮಾತಿನಲ್ಲಿ ಶಾಸ್ತ್ರವೇ ಇತ್ತು. ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹಾಗೆಯೇ ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಸರಿಯಾಗಿ ಒಣಗದ ಹೊಸ ಮರದಿಂದ ಬಾಗಿಲು ಮಾಡಿಸಿದವರಿಗೆ ಮೊದಲ ಮಳೆಗಾಲದಲ್ಲಿಯೇ ಇದರ ಅನುಭವವಾಗುತ್ತದೆ. ಅರವತ್ತು ಎಪ್ಪತ್ತು ವರ್ಷ ಸೂರಿನ ಕೆಳಗೆ ಕಳೆದ ತೇಗಕ್ಕೆ ಆ ಚಂಚಲತೆ ಉಳಿದಿರುವುದಿಲ್ಲ. ಹಳೆಯ ಮರ ಕೊಳ್ಳುವವರು ಮೊಳೆ ಹೊಡೆದ ತೂತು, ಹುಳು ಕೊರೆದು ಉದುರಿಸಿದ ಹಿಟ್ಟಿನಂತಹ ಪುಡಿ, ಗೆದ್ದಲ ಮಣ್ಣು, ಇವನ್ನು ನೋಡಿಕೊಂಡರೆ ಸಾಕು.

ಅಲ್ಲಿಯೇ ಒಂದು ಮೂಲೆಯಲ್ಲಿ ಬೆತ್ತದ ಆರಾಮ ಕುರ್ಚಿಯೊಂದು ಬಿದ್ದಿತ್ತು. ಬೆತ್ತವೆಲ್ಲ ಹರಿದುಹೋಗಿ ಬರಿಯ ಚೌಕಟ್ಟು ಉಳಿದಿತ್ತು. ಗೆಳೆಯನ ಹೆಂಡತಿ ಮೂಗು ಮುರಿದಳು. ಆದರೆ ಒಂದು ತುದಿಯನ್ನು ಇನ್ನೊಂದರ ತೂತಿಗೆ ಸೇರಿಸಿ ಮರದ ಗೂಟ ಹೊಡೆದ ಆ ಕೀಲುಗಳಲ್ಲಿ ಒಂದೂ ಅಲುಗಿರಲಿಲ್ಲ. ಬೆತ್ತ ಹರಿದರೆ ಮತ್ತೆ ಹೆಣೆಯಬಹುದು. ಗೂಟ ಸಡಿಲವಾದರೆ ಬಡಗಿ ಬಿಗಿ ಮಾಡಿಯಾನು. ಮೆರುಗು ಮಾಸಿದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ತಾಳ್ಮೆಯಿಂದ ಉಜ್ಜಿದರೆ ಮೊದಲಿನ ಕಳೆ ಬರುತ್ತದೆ. ಮರದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯ ಸೋಫಾಕ್ಕೆ ಈ ಭಾಗ್ಯವಿಲ್ಲ. ಅದರ ತಿರುಪು ಒಮ್ಮೆ ಕಿತ್ತು ಬಂದಿತೆಂದರೆ ಅದೇ ತೂತಿನಲ್ಲಿ ಮತ್ತೆ ಕೂರುವುದಿಲ್ಲ. ಯಾವ ವಸ್ತು ರಿಪೇರಿಗೆ ಒಗ್ಗುತ್ತದೆಯೋ ಅದು ಮಾತ್ರ ಹಳತಾಗದೆ ಉಳಿಯುತ್ತದೆಂಬುದು ನನ್ನ ಅಭಿಪ್ರಾಯ. ಅಂದಚಂದದ ಪ್ರಶ್ನೆ ಆಮೇಲಿನದು.

ಇದಕ್ಕೆ ಸಾಕ್ಷಿ ಬೇಕಾದವರು ಜಾಲಹಳ್ಳಿಯ ಕಡೆಯ ಹಿರಿಯರನ್ನು ಕೇಳಬಹುದು. 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಅಲ್ಲಿ ಬಂದುವು. ಹಳ್ಳಿಗಳಿಂದ ಬಂದ ತರುಣರಿಗೆ ತಿಂಗಳ ಸಂಬಳ, ಕ್ವಾರ್ಟರ್ಸಿನ ಮನೆ ದೊರೆತು, ಅತಿಥಿಗಳಿಗೆಂದೇ ಒಂದು ಕೋಣೆಯನ್ನು ಸಿಂಗರಿಸುವ ಸಡಗರ ಮೊದಲಾಯಿತು. ಬಣ್ಣಬಣ್ಣದ ಪ್ಲಾಸ್ಟಿಕ್ ವೈರು ಹೆಣೆದ ಕಬ್ಬಿಣದ ಕುರ್ಚಿ, ಹೊಳೆಯುವ ಹಾಳೆ ಅಂಟಿಸಿದ ಟೀಪಾಯಿ, ರೇಡಿಯೋದ ಮೇಲೆ ಕ್ರೋಷಾ ಹಾಕಿದ ಬಿಳಿಯ ಮುಸುಕು! ಆ ಹಾಳೆ ಅಂಚಿನಲ್ಲಿ ಎದ್ದುಬಂದಿತು, ವೈರು ತುಂಡಾಯಿತು, ರೇಡಿಯೋ ಅಟ್ಟ ಸೇರಿತು. ಅಜ್ಜ ಹಳ್ಳಿಯಿಂದ ತಂದಿಟ್ಟ ಮರದ ಪೆಟ್ಟಿಗೆ ಮಾತ್ರ ಇಂದಿಗೂ ಮೊಮ್ಮಗಳ ಮನೆಯಲ್ಲಿದೆ.

ಮೇಖ್ರಿ ವೃತ್ತದ ಬಳಿ ಕೆಂಪೇಗೌಡನ ಉತ್ತರದ ಗೋಪುರವನ್ನು ವಾಹನಗಳ ನಡುವಿನಿಂದಲೇ ಕಂಡು, ಆರ್.ಟಿ. ನಗರದ ಕಡೆಗೆ ತಿರುಗಿದೆವು. ಈ ಬಡಾವಣೆಯ ಪೂರ್ಣ ನಾಮಧೇಯ ರವೀಂದ್ರನಾಥ ಟಾಗೋರ್ ನಗರ. ಹಾಗೆ ಹೇಳಿದರೆ ಆಟೋದವನು ನಮ್ಮ ಮುಖ ನೋಡುತ್ತಾನೆ. ಪರಿಚಿತರ ಮನೆಯೊಂದರಲ್ಲಿ ಕಾಫಿ ಕುಡಿದೆವು. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ ಯಂತ್ರದಿಂದ ಅರೆದ ಮೊಸಾಯಿಕ್ ನೆಲ ಅವರದು. ಹದಿನೈದು ವರ್ಷಗಳ ಹಿಂದೆ ಅದನ್ನು ಕಿತ್ತುಹಾಕಲು ಮಕ್ಕಳು ದುಂಬಾಲು ಬಿದ್ದಿದ್ದರಂತೆ. ಈಗ ಅದೇ ನೆಲ ‘ಟೆರಾಜೊ’ ಎಂಬ ಇಟಲಿಯ ಹೆಸರಿನಲ್ಲಿ ಅಂಗಡಿಗೆ ಮರಳಿದೆ. ಮಕ್ಕಳು ನೆಂಟರಿಗೆ ಹೆಮ್ಮೆಯಿಂದ ತೋರಿಸುತ್ತಾರೆ. ಮನೆಯವರ ಆಲಸ್ಯವೂ ಕೆಲವೊಮ್ಮೆ ಸದಭಿರುಚಿಯ ಕೆಲಸ ಮಾಡುತ್ತದೆ.

ಟಾಗೋರರ ಹೆಸರು ಬಂದುದರಿಂದ ಒಂದು ಮಾತು. ಕವಿಯ ಮಗ ರಥೀಂದ್ರನಾಥರು ಮರಗೆಲಸದಲ್ಲಿ ನುರಿತವರು. ಶಾಂತಿನಿಕೇತನದಲ್ಲಿ ಅವರು ರೂಪಿಸಿದ ಪೀಠೋಪಕರಣಗಳಲ್ಲಿ ನೆಲಕ್ಕೆ ಸಮೀಪವಾದ, ತಗ್ಗಾದ ಆಸನಗಳಿಗೆ ವಿಶೇಷ ಸ್ಥಾನವಿತ್ತು. ನಮ್ಮ ಈಗಿನ ಮನೆಗಳಿಗೆ ಅಗತ್ಯವಾದ ಪಾಠ ಇದು. ಮದ್ರಾಸ್ ತಾರಸಿಯ ಹಳೆಯ ಹಜಾರಗಳಲ್ಲಿ ಸೂರು ಹನ್ನೊಂದು ಹನ್ನೆರಡು ಅಡಿ ಎತ್ತರ. ಎತ್ತರದ ಬೆನ್ನಿನ ಕುರ್ಚಿ, ಆಳೆತ್ತರದ ಬೀರು, ಮುಂದಕ್ಕೆ ವಾಲಿಸಿ ಮೇಲೆ ತೂಗುಹಾಕಿದ ಪಟಗಳು ಅಲ್ಲಿ ಒಪ್ಪುತ್ತಿದ್ದುವು. ಅವನ್ನೇ ತಂದು ತಗ್ಗಿನ ಸೂರಿನ ಕೆಳಗೆ ತುಂಬಿದರೆ ಹಜಾರ ಹೋಗಿ ಉಗ್ರಾಣವಾಗುತ್ತದೆ.

ಹೆಬ್ಬಾಳದ ಮನೆಯಲ್ಲಿ ಟೇಪು ಹಿಡಿದು ಅಳೆದಾಗ ಸೂರು ಒಂಬತ್ತೂವರೆ ಅಡಿ ಇತ್ತು. ಬಾಲ್ಕನಿಯಿಂದ ಕೆರೆ, ಮೇಲ್ಸೇತುವೆ ಎರಡೂ ಕಾಣುತ್ತವೆ. ಇಲ್ಲಿಯ ವೀರ ಕಿತ್ತಯ್ಯನ ಶಾಸನಶಿಲೆ ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಊರಿನ ಆಗಿನ ಹೆಸರು ಪೆರ್ಬೊಳಲ್. ಇಷ್ಟು ಹಳೆಯ ಊರಿನಲ್ಲಿ ಕಣ್ಣಿಗೆ ಬೀಳುವ ಮನೆಗಳೆಲ್ಲ ನಿನ್ನೆ ಮೊನ್ನೆಯವು. ಹಾಲಿನ ನೆಲಕ್ಕೆ ಕನ್ನಡಿಯಂತಹ ಬಿಳಿಯ ಟೈಲು ಹಾಸಿತ್ತು. ಸುಳ್ಳು ಸೂರು ಕಟ್ಟಿ ಅದರೊಳಗೆ ನಲವತ್ತು ದೀಪ ಹುದುಗಿಸಬೇಕೆಂದು ಅಲಂಕಾರದವರು ನಕ್ಷೆ ಬರೆದುಕೊಟ್ಟಿದ್ದರು. ಇರುವ ಒಂಬತ್ತೂವರೆ ಅಡಿಯಲ್ಲಿ ಮುಕ್ಕಾಲು ಅಡಿ ಕಳೆದುಕೊಳ್ಳಲು ಹಣ ಬೇರೆ ಕೊಡಬೇಕೆ?

ನಾನು ಹೇಳಿದ್ದು ಇಷ್ಟು: ಸೂರಿಗೆ ಸುಣ್ಣದಂತಹ ಬಿಳುಪು, ಗೋಡೆಗೆ ಹಾಲಿನ ಕೆನೆಯ ಬಣ್ಣ, ಹೆಚ್ಚಿನ ಪ್ರಯೋಗ ಬೇಡ. ದೀಪ ತಲೆಯ ಮೇಲಲ್ಲ, ಕುಳಿತವರ ಪಕ್ಕದಲ್ಲಿರಲಿ, ಬೆಳಕು ಹಳದಿಯದಾಗಿರಲಿ. ಯಶವಂತಪುರದ ಸಮೀಪ ತಯಾರಾಗುತ್ತಿದ್ದ ಮೈಸೂರು ಲ್ಯಾಂಪ್ಸಿನ ಬಲ್ಬು ನಮ್ಮ ತಂದೆತಾಯಿಯರ ಹಜಾರಗಳಿಗೆ ಆ ಬೆಳಕನ್ನು ಕೊಡುತ್ತಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದರೂ ಎಲ್.ಇ.ಡಿ.ಯಲ್ಲಿಯೂ ಆ ಬಣ್ಣ ದೊರೆಯುತ್ತದೆ. ಬಿಳಿಯ ಟೈಲನ್ನು ಒಡೆಸುವ ಬದಲು ನವಲಗುಂದದ ಜಮಖಾನವೊಂದನ್ನು ಹಾಸಬಹುದು. ಹೆಂಗಸರೇ ಮಗ್ಗದಲ್ಲಿ ನೇಯುವ ಈ ಜಮಖಾನಗಳಲ್ಲಿ ಚೌಕಾಬಾರದ ಮನೆಗಳು, ನವಿಲುಗಳು ಮೂಡಿರುತ್ತವೆ. ಗೋಡೆಗೆ ಒಂದೇ ಪಟ ಸಾಕು, ಅದೂ ಕುಳಿತವರ ಕಣ್ಣಿಗೆ ನೇರವಾಗಿ. ಅವರ ಮನೆಯಲ್ಲಿ ರವಿವರ್ಮನ ಸರಸ್ವತಿಯ ಹಳೆಯ ಅಚ್ಚುಚಿತ್ರವಿದೆ. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮ ಆರಂಭಿಸಿದ ಅಚ್ಚುಕೂಟದಿಂದ ದೇವತೆಗಳು ಅರಮನೆಯ ಗೋಡೆ ಇಳಿದು ಗುಮಾಸ್ತರ ಮನೆಗೂ ಬಂದರು. ಚೌಕಟ್ಟಿನ ಗಾಜು ಬದಲಿಸಿದರೆ ಸರಿ; ಹೊಸ ಪಟದ ಅವಶ್ಯಕತೆಯಿಲ್ಲ.

ಇಳಿಹೊತ್ತಿಗೆ ಯಲಹಂಕ ತಲುಪಿದೆವು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡ ಯಲಹಂಕ ನಾಡಿನ ಪ್ರಭು. ಬೆಂಗಳೂರೇ ಈ ಊರಿನ ಕೂಸು. ಈಗ ಕೂಸು ಬೆಳೆದು ತಾಯಿಯನ್ನು ತನ್ನ ಬಡಾವಣೆಯೆಂದು ಕರೆಯುತ್ತದೆ! 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಹಾದಿಯ ನೆಲಕ್ಕೆ ಬಂದ ಬೆಲೆಯ ಮುಂದೆ ಹಳೆಯ ಹೆಂಚಿನ ಮನೆಗಳು ಎಷ್ಟು ದಿನ ನಿಂತಾವು?

ಸ್ನೇಹಿತನ ಮನೆಗೆ ಸಾದಹಳ್ಳಿಯ ಬೂದುಗಲ್ಲಿನ ಮೆಟ್ಟಿಲು. ಒಳಗೆ ಕೆಂಪು ಕಾವಿಯ ನೆಲ, ಅಂಚಿಗೆ ಕಪ್ಪು ಪಟ್ಟಿ. ಸಿಮೆಂಟಿಗೆ ಕೆಂಪು ಬಣ್ಣ ಬೆರೆಸಿ, ಹಸಿಯಿರುವಾಗಲೇ ಕರಣೆಯಿಂದ ಮತ್ತೆ ಮತ್ತೆ ತೀಡಿ, ದಿನಗಟ್ಟಲೆ ನೀರುಣಿಸಿ ಮಾಡಿದ ಇಂತಹ ನೆಲ ಕಾಲು ಸವೆಸಿದಷ್ಟೂ ನುಣುಪಾಗುತ್ತದೆ. ಪಡಸಾಲೆಯಲ್ಲಿ ಕೆತ್ತನೆಯ ನಾಲ್ಕು ತೇಗದ ಕಂಬಗಳು. ನಡುವೆ ಹಿತ್ತಾಳೆಯ ಸರಪಳಿಯಲ್ಲಿ ತೂಗುವ ಆರಡಿಯ ಉಯ್ಯಾಲೆಮಣೆ. ಹಲಸಿನ ಮರದ್ದು, ಜೇನಿನ ಬಣ್ಣಕ್ಕೆ ತಿರುಗಿತ್ತು. ಏನನ್ನು ಕೊಂಡೊಯ್ಯಬೇಕೆಂಬ ಬಗ್ಗೆ ಆ ತಾಯಿ ಅಂದಿನವರೆಗೆ ತುಟಿ ಬಿಚ್ಚಿರಲಿಲ್ಲವಂತೆ.

ಮಗ ಉತ್ಸಾಹದಿಂದ, ಎರಡು ಕಂಬಗಳನ್ನು ಹಾಲಿನ ಗೋಡೆಗೆ ಆನಿಸಿ ನಿಲ್ಲಿಸುವ ಯೋಚನೆಯನ್ನು ತಿಳಿಸಿದ.

“ಅದು ಅಲ್ಲಿ ಏನನ್ನು ಹೊರುತ್ತೋ?” ಎಂದು ಆಕೆ ಕೇಳಿದರು.

“ಏನನ್ನೂ ಹೊರೋದಿಲ್ಲಮ್ಮ. ಚೆಂದಕ್ಕೆ.”

“ಏನನ್ನೂ ಹೊರದ ಕಂಬ ಮನೆಯೊಳಗೆ ಯಾಕಪ್ಪ? ನಿಮ್ಮ ತಾತ ಇದನ್ನ ಚೆಂದಕ್ಕೆ ನಿಲ್ಲಿಸಲಿಲ್ಲ. ಮಾರಿಬಿಡು. ಯಾರಾದರೂ ಸೂರು ಕಟ್ಟೋರು ಕೊಂಡುಕೊಳ್ಳಲಿ.”

ಅವರಿಗೆ ಬೇಕಾಗಿದ್ದುದು ಉಯ್ಯಾಲೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಾತನಾಡುವಾಗಲೆಲ್ಲ ಕೈ ಮಣೆಯ ಅಂಚನ್ನು ಸವರುತ್ತಿತ್ತು. ಮಗ ಪೇಚಿಗೆ ಸಿಕ್ಕಿದ. ಕಾಂಕ್ರೀಟು ಸೂರಿಗೆ ಕೊಕ್ಕೆ ಹಾಕಲು ತೂತು ಕೊರೆಯಬೇಕು; ಒಳಗೆ ಕಬ್ಬಿಣದ ಸರಳುಗಳಿವೆ, ಮೇಲೆ ಇನ್ನೊಬ್ಬರ ಮನೆ. ಕಟ್ಟಡದ ಸಂಘದವರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಸೊಸೆ, ಬೆಳಗಿನಿಂದ ಬೆತ್ತದ ಕುರ್ಚಿಗೆ ಮೂಗು ಮುರಿಯುತ್ತಿದ್ದವಳು, ಮೆಲ್ಲಗೆ ಎಂದಳು: “ಅತ್ತೆ, ಸೂರಿಗೆ ಬೇಡ. ಕಂಬಗಳೇ ಉಯ್ಯಾಲೆಯನ್ನ ಹೊರಲಿ. ಆಗ ಒಪ್ಪುತ್ತೀರಾ?”

ಪಕ್ಕದ ಬೀದಿಯ ಬಡಗಿಯನ್ನು ಕರೆಸಿದರು. ಕಂಬಗಳ ಎತ್ತರ ಎಂಟಡಿ. ಹೆಬ್ಬಾಳದ ಸೂರಿನ ಕೆಳಗೆ ಸಲೀಸಾಗಿ ನಿಲ್ಲುತ್ತವೆ. ಮೇಲೆ ಈ ಮನೆಯದೇ ಒಂದು ತೊಲೆ ಅಡ್ಡವಾಗಿ ಬರಬೇಕು. ತೂಗಿದಾಗ ಮಗುಚದಂತೆ ಕೆಳಗೆ ಪ್ರತಿ ಕಂಬಕ್ಕೂ ಹಿಂದೆ ಮುಂದೆ ಚಾಚಿದ ಅಗಲವಾದ ಅಡಿಪಟ್ಟಿ ಬೇಕು, ಎರಡೂ ಪಟ್ಟಿಗಳನ್ನು ಸೇರಿಸಿ ಕಟ್ಟಬೇಕು. ಉಯ್ಯಾಲೆ ಮೊದಲಿನ ಹಾಗೆ ಜೋರಾಗಿ ತೂಗದು, ಮೆಲ್ಲಗೆ ಆಡೀತು ಎಂದು ಅವನು ಮೊದಲೇ ಎಚ್ಚರಿಸಿದ. “ಈ ವಯಸ್ಸಿಗೆ ನಾನೇನು ಜೋರಾಗಿ ತೂಗಿಕೊಳ್ಳಬೇಕಾ?” ಎಂದು ಆಕೆ ಅಂದು ಮೊದಲ ಬಾರಿಗೆ ನಕ್ಕರು. ಸೋಫಾದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಎದುರಿಗೆ ಯಶವಂತಪುರದ ಆ ಬೆತ್ತದ ಕುರ್ಚಿಯನ್ನು ಹೆಣೆಸಿ ಹಾಕುವುದೆಂದು ಹಿಂದಿರುಗುವ ಮೊದಲೇ ತೀರ್ಮಾನವಾಯಿತು.

ಬಡಗಿ ಅಳತೆ ಬರೆದುಕೊಂಡು ಹೊರಟಾಗ ಆಕೆ ಮಗನನ್ನು ಕರೆದು, “ಸರಪಳಿಗಳನ್ನ ಇವತ್ತೇ ಬಿಚ್ಚಿಸಿ ಕೊಡೋ, ಹುಣಿಸೇಹಣ್ಣಿನಲ್ಲಿ ತಿಕ್ಕಿಡುತ್ತೀನಿ” ಎಂದರು.