ತೆಂಗಳಿಯಲ್ಲಿ ಕೇಳಿದ ಒಂದು ರಾತ್ರಿಯ ಹಾಡು

ವಾಡಿ ಜಂಕ್ಷನ್ನಿನಿಂದ ಪೂರ್ವಾಭಿಮುಖವಾಗಿ ಸಿಕಂದರಾಬಾದಿಗೆ ಹೋಗುವ ರೈಲುದಾರಿಯು ನಿಜಾಮರ ಆಳ್ವಿಕೆಯಲ್ಲಿ, 1874ರಲ್ಲಿ ತೆರೆಯಲ್ಪಟ್ಟಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಂಬ ನಿಲ್ದಾಣಗಳು ಆ ದಾರಿಯಲ್ಲಿ ಒಂದರ ಹಿಂದೊಂದು ಬರುತ್ತವೆ. ಕಳೆದ ಪುಷ್ಯಮಾಸದಲ್ಲಿ ನಾವು ಮಳಖೇಡ ರೋಡಿನಲ್ಲಿ ಇಳಿದದ್ದು ರಾಷ್ಟ್ರಕೂಟರ ಕೋಟೆಯನ್ನಾಗಲಿ, ಕಾಗಿಣಾ ನದಿಯ ದಡದ ಜಯತೀರ್ಥರ ವೃಂದಾವನವನ್ನಾಗಲಿ ನೋಡುವ ಉದ್ದೇಶದಿಂದಲ್ಲ. ತೆಂಗಳಿ ಎಂಬ ಹಳ್ಳಿಯಲ್ಲಿ ನಿವೃತ್ತರಾದ ಒಬ್ಬ ಮಾಸ್ತರರ ಮನೆಯೊಳಗೆ ಒಂದು ತಗಡಿನ ಪೆಟ್ಟಿಗೆಯುಂಟೆಂದೂ, ಅದರಲ್ಲಿ ಯಾವ ಕಂಪನಿಯೂ ಹೊರತರದ ಹಾಡುಗಳ ಕ್ಯಾಸೆಟ್ಟುಗಳಿವೆಯೆಂದೂ ಕಲಬುರಗಿಯ ಮಿತ್ರರೊಬ್ಬರು ಬರೆದಿದ್ದರು. ಅದನ್ನು ನೋಡಲು ಹೊರಟವರು ನಾವು.

ನಮಗೆ ಈ ಹುಚ್ಚು ಹಳೆಯದು. ಮನೆಯವರು ಇದನ್ನು ರೋಗವೆಂದೇ ಕರೆಯುತ್ತಾರೆ. ಒಂದು ರಾಗವನ್ನು ಒಂದು ಗಂಟೆ ವಿಸ್ತರಿಸಬಲ್ಲ ಗವಾಯಿಯನ್ನು ಹಿಂದಿನ ಗ್ರಾಮೋಫೋನ್ ತಟ್ಟೆಯು ಮೂರುಮೂರೂವರೆ ನಿಮಿಷಗಳಲ್ಲಿ ಮುಗಿಸಿಬಿಡುತ್ತಿತ್ತು. ಮಲ್ಲಿಕಾರ್ಜುನ ಮನಸೂರರು (1910–1992), ಗಂಗೂಬಾಯಿ ಹಾನಗಲ್ಲರು (1913–2009), ಬಸವರಾಜ ರಾಜಗುರುಗಳು ಮನೆಯ ಪಡಸಾಲೆಗಳಲ್ಲಿ, ಮಠದ ಅಂಗಳಗಳಲ್ಲಿ ಬೆಳಗಿನ ಜಾವದವರೆಗೆ ಹಾಡಿದ್ದನ್ನು ಕಂಪನಿಯವರು ಹಿಡಿಯಲಿಲ್ಲ; ಮೂಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ರಸಿಕರು ಹಿಡಿದರು. ಆ ಟೇಪುಗಳು ಧಾರವಾಡದಿಂದ ಪುಣೆಗೆ, ಪುಣೆಯಿಂದ ಮುಂಬಯಿಗೆ ಕೈಯಿಂದ ಕೈಗೆ ದಾಟಿದವು. ಈ ವ್ಯವಹಾರದಲ್ಲಿ ಹಣದ ಮಾತೆತ್ತುವುದು ಅಸಭ್ಯತನ. ನೀವೊಂದು ‘ಬಸಂತ್’ ಕೊಟ್ಟರೆ ನಾವೊಂದು ‘ಗೌಡ ಮಲ್ಹಾರ’ ಕೊಡುತ್ತೇವೆ. ಕೊಡಲು ಏನೂ ಇಲ್ಲದ ಹೊಸಬನಿಗೆ ದೊಡ್ಡ ಮನಸ್ಸಿನವರು ಸುಮ್ಮನೆ ಕೊಡುತ್ತಾರೆ, ಉಳಿದವರು ಬಾಗಿಲು ಮುಚ್ಚುತ್ತಾರೆ. ಬಾಗಿಲು ಮುಚ್ಚಿದವರನ್ನೂ ನಾವು ಕಂಡಿದ್ದೇವೆ.

ಈ ಸಾರಿ ಬೆಂಗಳೂರಿನಲ್ಲಿರುವ ನಮ್ಮ ಸೋದರಳಿಯನೂ ಜೊತೆಗೆ ಬಂದಿದ್ದ. ಅವನ ಸಂಗ್ರಹ ಬೇರೆ ಬಗೆಯದು, ಇಂಗ್ಲಿಷಿನ ರಾಕ್ ವಾದ್ಯಮೇಳಗಳದು. ಗದ್ದಲವೆಂದು ನಾವು ಹೇಳಿದರೆ ಅವನು ನಗುತ್ತಾನೆ. ಆದರೆ ರೈಲಿನಲ್ಲಿ ಅವನು ಹೇಳಿದ ಸಂಗತಿಗಳನ್ನು ಕೇಳಿದಾಗ ನಮ್ಮಿಬ್ಬರ ರೋಗವೂ ಒಂದೇ ಎಂದು ತೋರಿತು. ಬೂಟಿನ ಕಾಲಿನೊಳಗೆ ಸಾರಾಯಿ ಸೀಸೆಯನ್ನಡಗಿಸಿ ಸಾಗಿಸುತ್ತಿದ್ದವರ ಕಸುಬಿನಿಂದ ಇಂಥ ಧ್ವನಿಮುದ್ರಣಗಳಿಗೆ ‘ಬೂಟ್‌ಲೆಗ್’ ಎಂಬ ಹೆಸರು ಬಂದಿತಂತೆ. ಬಾಬ್ ಡಿಲನ್ನನೂ ಅವನ ಸಂಗಡಿಗರೂ 1967ರಲ್ಲಿ ಒಂದು ಮನೆಯ ನೆಲಮಾಳಿಗೆಯಲ್ಲಿ ಹಾಡಿ ಮುದ್ರಿಸಿಕೊಂಡದ್ದರಲ್ಲಿ ಕೆಲವು 1969ರಲ್ಲಿ, ಹೆಸರೇ ಇಲ್ಲದ ಬಿಳಿಯ ಹೊದಿಕೆಯ ತಟ್ಟೆಗಳಾಗಿ ಲಾಸ್ ಏಂಜಲಿಸಿನ ಅಂಗಡಿಗಳಿಗೆ ಬಂದವು. ‘ಗ್ರೇಟ್ ವೈಟ್ ವಂಡರ್’ ಎಂದು ಜನರು ಅದನ್ನು ಕರೆದರು. ಕಂಪನಿಯು ಆ ನೆಲಮಾಳಿಗೆಯ ಹಾಡುಗಳಲ್ಲಿ ಕೆಲವನ್ನು ಹೊರತಂದದ್ದು 1975ರಲ್ಲಿ, ಬಹುಮಟ್ಟಿಗೆ ಎಲ್ಲವನ್ನೂ ಹೊರತಂದದ್ದು 2014ರಲ್ಲಿ. ‘ಗ್ರೇಟ್‌ಫುಲ್ ಡೆಡ್’ ಎಂಬ ಮತ್ತೊಂದು ಮೇಳದವರಾದರೋ 1984ರಿಂದ ತಮ್ಮ ಕಚೇರಿಗಳಲ್ಲಿ ಟೇಪು ಮಾಡುವವರಿಗೆಂದೇ ಪ್ರತ್ಯೇಕ ಜಾಗವನ್ನು ಬಿಟ್ಟುಕೊಟ್ಟರು. ಮಾರಬಾರದು, ವಿನಿಮಯ ಮಾಡಿಕೊಳ್ಳಬಹುದು ಎಂಬುದು ಅವರ ನಿಯಮ.

“ಮಾವ, ನಿಮ್ಮ ಧಾರವಾಡದ ಮುದುಕರಿಗೂ ಅವರಿಗೂ ಏನು ವ್ಯತ್ಯಾಸ?” ಎಂದು ಅವನು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ.

ಮಳಖೇಡ ರೋಡಿನಿಂದ ಮುಂದಿನ ಪ್ರಯಾಣವು ಟಂಟಂ ಗಾಡಿಯಲ್ಲಿ. ಇಕ್ಕೆಲಗಳಲ್ಲಿಯೂ ಕರಿಯ ನೆಲ; ತೊಗರಿಯ ಕೊಯ್ಲು ಮುಗಿಯುತ್ತಿತ್ತು. ಈ ಸೀಮೆಯಲ್ಲಿ ಕಲ್ಲಿಗೆ ಬಡತನವಿಲ್ಲ. ಶಹಾಬಾದಿ ಕಲ್ಲಿನ ಚಪ್ಪಡಿಗಳೇ ನೆಲ, ಅವೇ ಕಟ್ಟೆ, ಎಷ್ಟೋ ಮನೆಗಳಿಗೆ ಅವೇ ಮಾಳಿಗೆ. ಮಾಸ್ತರರ ಮನೆಯೂ ಹಾಗೆಯೇ ಇದ್ದಿತು. “ಬರ್ರಿ, ಬಿಸಲಾಗ ಬಂದೀರಿ, ಮೊದಲು ನೀರು ಕುಡೀರಿ” ಎಂದು ಎದುರುಗೊಂಡರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಗಳ ಊಟವಾಗುವವರೆಗೆ ಪೆಟ್ಟಿಗೆಯ ಸುದ್ದಿಯೇ ಇಲ್ಲ. ಅತಿಥಿಯ ಹಸಿವು ಯಾವುದೆಂಬುದನ್ನು ಅವರು ಬಲ್ಲರು. ಆದರೂ ಕ್ರಮ ತಪ್ಪಬಾರದಷ್ಟೆ.

ಪೆಟ್ಟಿಗೆಯಲ್ಲಿ ಅರುವತ್ತರಷ್ಟು ಕ್ಯಾಸೆಟ್ಟುಗಳಿದ್ದವು. ಬೇವಿನ ಎಲೆಗಳ ನಡುವೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದರು. ಕೆಲವು ಆಕಾಶವಾಣಿಯಿಂದ ಹಿಡಿದವು. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವೂ ಅವುಗಳಲ್ಲಿತ್ತು. ಮಿಕ್ಕವು ಊರಿನ ಭಜನಾಮೇಳದ ರಾತ್ರಿಗಳು. ಕಡಕೋಳ ಮಡಿವಾಳಪ್ಪನ, ಅವನ ಶಿಷ್ಯನಾದ ಚನ್ನೂರ ಜಲಾಲಸಾಹೇಬನ ತತ್ವಪದಗಳು ಈ ನಾಡಿನಲ್ಲಿ ಪುಸ್ತಕಕ್ಕಿಂತ ಕಂಠದಲ್ಲಿ ಬಾಳಿಬಂದವು. ಏಕತಾರಿ, ದಮ್ಮಡಿ, ತಾಳಗಳ ನಡುವೆ ಒಬ್ಬನು ಎತ್ತಿದ ನುಡಿಯನ್ನು ಹತ್ತು ಮಂದಿ ಹಿಡಿಯುವ ಈ ಹಾಡಿಕೆಗೆ ವೇದಿಕೆ ಬೇಡ, ಟಿಕೆಟ್ಟು ಬೇಡ.

ಮಾಸ್ತರರು ಒಂದು ಕ್ಯಾಸೆಟ್ಟನ್ನು ಮಾತ್ರ ಬೇರೆಯಾಗಿ ತೆಗೆದಿಟ್ಟರು. ಅದರಲ್ಲಿ ಹಾಡಿದವರು ಅವರ ಅಣ್ಣ, ಒಕ್ಕಲುತನದವರು, ಈಗಿಲ್ಲ. 1986ರ ಶಿವರಾತ್ರಿಯ ಜಾಗರಣೆಯಲ್ಲಿ ಮಾಸ್ತರರೇ ಅದನ್ನು ಮುದ್ರಿಸಿದ್ದರು. ಅದಕ್ಕೂ ಮೊದಲಿನ ಒಂದು ಟೇಪನ್ನು ಪಟ್ಟಣದ ಅಂಗಡಿಯವನೊಬ್ಬ ‘ಕೇಳಿ ಕೊಡ್ತೀನಿ’ ಎಂದು ಒಯ್ದಿದ್ದನಂತೆ. ಮರುವರ್ಷ ಜಾತ್ರೆಯಲ್ಲಿ ಅಣ್ಣನ ಧ್ವನಿ ಅಂಗಡಿಯ ಸಾಲಿನಿಂದ ಕೇಳಿಬಂದಿತು. ಕ್ಯಾಸೆಟ್ಟಿನ ಮೇಲೆ ಹೆಸರು ಬೇರೆ ಯಾರದೋ.

“ರೊಕ್ಕದ ಮಾತಲ್ಲರಿ. ತಮ್ಮ ದನಿ ಮತ್ತೊಬ್ಬರ ಹೆಸರಿನ್ಯಾಗ ಮಾರಾಟಾಗೋದು ಕೇಳಿದ್ರು. ಆ ದಿನದಿಂದ ಮಷೀನ್ ಇಟ್ಟಲ್ಲಿ ಬಾಯಿ ತೆರೀಲಿಲ್ಲ. ಈ ಶಿವರಾತ್ರಿದೊಂದು ನಾ ಕದ್ದು ಮಾಡಿದ್ದು. ತಿಳಿದ ಮ್ಯಾಲ ನನ್ನ ಕೂಡ ಆರು ತಿಂಗಳು ಮಾತಾಡ್ಲಿಲ್ಲ.”

ಕೊನೆಗೆ ಅಣ್ಣನು ಒಂದು ಮಾತು ಪಡೆದು ಸುಮ್ಮನಾದರಂತೆ: ಈ ಟೇಪು ಮನೆಯ ಹೊಸ್ತಿಲು ದಾಟಕೂಡದು.

ನಮ್ಮ ಕೈಚೀಲದಲ್ಲಿ ವಿನಿಮಯಕ್ಕೆಂದು ತಂದ ರಾಜಗುರುಗಳ ಒಂದು ಮೆಹಫಿಲು ಇದ್ದಿತು. ಅದನ್ನು ಹೊರತೆಗೆಯುವ ಧೈರ್ಯವೇ ಆಗಲಿಲ್ಲ.

ಹಾಡು ಕೇಳಿದೆವು. ಆರಂಭದಲ್ಲಿ ಗಂಭೀರವಾಗಿದ್ದ ಕಂಠವು ಬರುಬರುತ್ತ ಏರುತ್ತ ಹೋಗಿ, ಎರಡನೆಯ ಮಗ್ಗುಲಿನಲ್ಲಿ ಹುಡುಗನ ಧ್ವನಿಯಂತಾಯಿತು, ತಾಳವೂ ಓಡತೊಡಗಿತು. ಇದು ಭಕ್ತಿಯ ಆವೇಶವೆಂದು ನಾವು ತಲೆದೂಗುತ್ತಿದ್ದಾಗ ಅಳಿಯನು ಮೆಲ್ಲಗೆ, “ಬ್ಯಾಟರಿ ಇಳಿದಿದೆ ಮಾವ” ಎಂದ. ಅವನ ಮಾತು ನಿಜವಾಗಿತ್ತು. ಕ್ಯಾಸೆಟ್ಟಿನ ಪಟ್ಟಿಯು ಒಂದು ಸೆಕೆಂಡಿಗೆ 4.76 ಸೆಂಟಿಮೀಟರು ಸರಿಯಬೇಕು. ಬ್ಯಾಟರಿ ಸೋತಾಗ ಮುದ್ರಿಸುವ ಯಂತ್ರವು ನಿಧಾನವಾಗುತ್ತದೆ; ಹಾಗೆ ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿಯೂ ಲಯವೂ ಕೂಡಿಯೇ ಏರುತ್ತವೆ. ಏಕತಾರಿಯ ನಾದವನ್ನು ಆಧಾರವಾಗಿಟ್ಟುಕೊಂಡು ಅದನ್ನು ಗಣಕಯಂತ್ರದಲ್ಲಿ ಹಂತಹಂತವಾಗಿ ಇಳಿಸಬಹುದೆಂದು ಅವನು ವಿವರಿಸಿದ. ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದು, “ಅಂದ್ರ ನಮ್ಮಣ್ಣನ ಖರೇ ದನಿ ನಾ ಇಷ್ಟು ವರ್ಷ ಕೇಳೇ ಇಲ್ಲೇನು?” ಎಂದರು.

ಪಟ್ಟಿಯ ಮೇಲೆ ಅಲ್ಲಲ್ಲಿ ಬಿಳಿಯ ಬೂಷ್ಟು ಹಿಡಿದಿದ್ದಿತು. ಸುಮಾರು ನಾಲ್ಕು ಮಿಲಿಮೀಟರು ಅಗಲದ, ಕಬ್ಬಿಣದ ತುಕ್ಕಿನಂಥ ಪುಡಿ ಬಳಿದ ಆ ಪಟ್ಟಿ ಇನ್ನೆಷ್ಟು ಸಾರಿ ಓಡೀತು?

ಸಾಯಂಕಾಲ ಕಲ್ಲಿನ ಕಟ್ಟೆಯ ಮೇಲೆ ಕುಳಿತಾಗ ಮಾತು ತಾನಾಗಿಯೇ ಮಳಖೇಡದ ಕಡೆಗೆ ತಿರುಗಿತು. ಮಾಸ್ತರರು ಕನ್ನಡ ಕಲಿಸಿದವರು. ಮಾನ್ಯಖೇಟದ ಅರಸನಾದ ಮೂರನೆಯ ಕೃಷ್ಣನಿಂದ ಬಿರುದು ಪಡೆದ ಪೊನ್ನನು ಬರೆದ ‘ಶಾಂತಿಪುರಾಣ’ ಇಂದಿಗೂ ನಮಗೆ ದೊರೆಯುತ್ತದೆ. ಅವನದೇ ‘ಭುವನೈಕರಾಮಾಭ್ಯುದಯ’ ದೊರೆಯುವುದಿಲ್ಲ. ಬೇರೆ ಗ್ರಂಥಗಳಲ್ಲಿ ಸಿಕ್ಕ ಬಿಡಿ ಪದ್ಯಗಳಿಂದ ಅದನ್ನು ಊಹಿಸಿಕೊಳ್ಳಬೇಕು. ಕವಿ ಒಬ್ಬನೇ, ಕಾಲವೂ ಒಂದೇ. ಶಾಂತಿಪುರಾಣವನ್ನು ಬರೆಯಿಸಿದವರಲ್ಲಿ ಒಬ್ಬನಾದ ಮಲ್ಲಪನ ಮಗಳು ಅತ್ತಿಮಬ್ಬೆಯು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮತ್ತೊಂದಕ್ಕೆ ಅಂಥ ಮಗಳಿರಲಿಲ್ಲವೆನ್ನೋಣ. ಈ ಕಥೆಯನ್ನು ನಾವು ಉಪಾಯದಿಂದಲೇ ತೆಗೆದೆವೆಂದು ಒಪ್ಪಿಕೊಳ್ಳುತ್ತೇವೆ.

ಮಾಸ್ತರರಿಗೆ ನಮ್ಮ ಉಪಾಯ ತಿಳಿಯದೆ ಇರಲಿಲ್ಲ. “ಪೊನ್ನ ಪ್ರತಿ ಮಾಡಬ್ಯಾಡ ಅಂದಿರಲಿಲ್ಲರಿ. ನಮ್ಮಣ್ಣ ಅಂದಾನ” ಎಂದರು. ಇದಕ್ಕೇನು ಹೇಳುವುದು? ಅಳಿಯನು ಕಾಯಿದೆಯ ಮಾತೆತ್ತಿದ. 1957ರ ಕೃತಿಸ್ವಾಮ್ಯದ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯಿಂದ ಹಾಡುವವನಿಗೂ ತನ್ನ ಹಾಡಿಕೆಯ ಮೇಲೆ ಹಕ್ಕು ಬಂದಿದೆ; ಸ್ವಂತಕ್ಕಾಗಿ ಮಾಡಿಕೊಂಡ ಮುದ್ರಣವು ತಪ್ಪಲ್ಲವೆಂದೂ ಅದರಲ್ಲಿದೆ. ಹರಿಯಾಣದ ಗುರುಗ್ರಾಮದಲ್ಲಿರುವ, 1982ರಲ್ಲಿ ಸ್ಥಾಪಿತವಾದ ಒಂದು ಧ್ವನಿಭಂಡಾರದವರು, ಟೇಪು ಒಪ್ಪಿಸಿದವರು ಹಾಕುವ ಕಟ್ಟಳೆಗಳನ್ನು ಪಾಲಿಸಿ ಅವನ್ನು ಕಾಪಾಡುತ್ತಾರೆಂಬುದನ್ನೂ ನಾವು ಹೇಳಿದೆವು. ಅವರು ಕೇಳಿಕೊಂಡರು. ಕಾಯಿದೆಗೆ ಆ ಮನೆಯಲ್ಲಿ ಅಷ್ಟು ತೂಕವಿರಲಿಲ್ಲ.

ಮಾತು ಅಲ್ಲಿಗೇ ನಿಂತಿತು. ರಾತ್ರಿ ಅಲ್ಲಿಯೇ ಮಲಗಿದೆವು. ನಿದ್ದೆ ಚೆನ್ನಾಗಿ ಬರಲಿಲ್ಲ. ಪರರ ಮನೆಯ ಮಾತನ್ನು ಮುರಿಯಿಸಲು ಬಂದವರಾದೆವಲ್ಲ ಎಂಬ ಸಂಕೋಚ ಒಂದು ಕಡೆ, ಆ ಬೂಷ್ಟಿನ ನೆನಪು ಮತ್ತೊಂದು ಕಡೆ.

ಬೆಳಿಗ್ಗೆ ಚಹಾ ಕೊಡುವಾಗ ಮಾಸ್ತರರೇ ಕ್ಯಾಸೆಟ್ಟನ್ನೂ ಯಂತ್ರವನ್ನೂ ತಂದು ಅಳಿಯನ ಮುಂದಿಟ್ಟರು.

“ಹೊಸ್ತಿಲು ದಾಟಬಾರದು ಅಂದಿದ್ದು ಈ ಟೇಪಿಗೆ. ಇದು ದಾಟೂದಿಲ್ಲ. ನೀವು ಇಲ್ಲೇ ಕೂತು ಒಂದು ಪ್ರತಿ ಮಾಡ್ಕೋರಿ. ದನಿ ಸರಿ ಮಾಡಿ ನನಗೊಂದು ಕೊಡ್ರಿ. ನಾ ಇರೂತನಕ ಯಾರಿಗೂ ಕೊಡಬ್ಯಾಡ್ರಿ. ಆಮ್ಯಾಲ ಕೊಡೂದಿದ್ರ, ಅಣ್ಣನ ಹೆಸರು ಬಿಟ್ಟು ಕೊಡಬ್ಯಾಡ್ರಿ.”

ಇದು ಅಣ್ಣನ ಮಾತನ್ನು ಉಳಿಸಿಕೊಂಡಂತೆಯೋ, ಮುರಿದಂತೆಯೋ, ವಾಚಕರು ತಮ್ಮತಮ್ಮ ಮನೆಗಳಲ್ಲಿ ಚರ್ಚಿಸಿಕೊಳ್ಳಲಿ. ಅಳಿಯನು ಯಂತ್ರದ ಮೊನೆಯನ್ನು ಸ್ಪಿರಿಟ್ಟಿನಿಂದ ಒರಸಿ, ಪಟ್ಟಿಯನ್ನು ಕೈಯಿಂದಲೇ ಒಮ್ಮೆ ಸುತ್ತಿ ನೋಡಿ, ಎರಡೂ ಮಗ್ಗುಲುಗಳನ್ನು ಒಂದೇ ಓಟದಲ್ಲಿ ಗಣಕಯಂತ್ರಕ್ಕೆ ಇಳಿಸಿಕೊಂಡ. ತೊಂಬತ್ತು ನಿಮಿಷ ಯಾರೂ ಮಾತನಾಡಲಿಲ್ಲ. ನಡುವೆ ಒಂದು ಕಡೆ ಹಾಡು ನಿಂತು, ಹೆಂಗಸೊಬ್ಬಳು ‘ಚಹಾ ಆರ್ತದ’ ಎಂದು ಕೂಗಿದ ಧ್ವನಿಯಿತ್ತು. “ನಮ್ಮವ್ವ” ಎಂದರು ಮಾಸ್ತರರು. ಆ ಭಾಗವನ್ನು ಕತ್ತರಿಸಬಾರದೆಂದು ಅವರು ಹೇಳಬೇಕಾಗಿಯೇ ಇರಲಿಲ್ಲ.

ನಾವು ರಾಜಗುರುಗಳ ಟೇಪನ್ನು ಅವರ ಕೈಯಲ್ಲಿಟ್ಟು ಹೊರಟೆವು. ಒಂದು ತಿಂಗಳ ಮೇಲೆ ಶ್ರುತಿ ತಿದ್ದಿದ ಪ್ರತಿಯನ್ನು ಕಳುಹಿಸಿಕೊಟ್ಟೆವು. ‘ಹೌದು, ಇದೇ’ ಎಂದಷ್ಟೇ ಬರೆದ ಅವರ ಕಾರ್ಡು ಬಂದಿತು. ನಮ್ಮ ಪ್ರತಿಯು ಕಪಾಟಿನಲ್ಲಿದೆ. ಕಲಬುರಗಿಯ ಮಿತ್ರರು ಪ್ರತಿ ತಿಂಗಳೂ ಅದನ್ನು ಕೇಳುತ್ತಾರೆ. ಪ್ರತಿ ತಿಂಗಳೂ ನಾವು ಅವರಿಗೆ ಬೇರೆ ಯಾವುದಾದರೊಂದು ರಾಗವನ್ನು ಕಳುಹಿಸುತ್ತೇವೆ.